ಲಗ್ನಪತ್ರಿಕೆಯಲ್ಲಿ ಇಬ್ಬರು ಹೆಣ್ಣುಮಕ್ಕಳ ಹೆಸರಿದ್ದರೆ ಕೇಸ್ ಆಗುತ್ತಾ? ಸಲಿಂಗ ಮದುವೆ ಬಗ್ಗೆ ಕಾನೂನು ಹೇಳೋದೇನು

ಕಾರ್ಡ್‌ನಲ್ಲಿ ಇಬ್ಬರೂ ಹೆಣ್ಣುಮಕ್ಕಳದೇ ಹೆಸರಿದ್ದರೆ ಪ್ರಿಂಟ್ ಹಾಕಬಹುದಾ, ನಾಳೆ ಸ್ಟೇಷನ್‌ಗೆ ಅಲೆಯೋ ಹಾಗಾಗಲ್ವಾ? ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿರುವ ಪರಿಚಯದವರೊಬ್ಬರು ಇತ್ತೀಚೆಗೆ ಕೇಳಿದ ಪ್ರಶ್ನೆ ಇದು. ಫೋಟೊಗ್ರಾಫರ್, ಶಾಮಿಯಾನದವರು, ಅಡುಗೆ ಕಂಟ್ರಾಕ್ಟರ್ ಎಲ್ಲರಿಗೂ ಅನ್ವಯಿಸುವ ಪ್ರಶ್ನೆಯೇ.

ಕೇಸ್ ಆಗಲ್ಲ. ವಯಸ್ಕರಿಬ್ಬರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ಇಬ್ಬರು ಹಾರ ಬದಲಾಯಿಸಿಕೊಂಡು ನೂರು ಜನಕ್ಕೆ ಊಟ ಹಾಕಿದರೆ ಅದನ್ನು ತಡೆಯುವ ಕಾನೂನು ಯಾವುದೂ ಇಲ್ಲ.

ಆದರೆ ಆ ಮದುವೆ ರಿಜಿಸ್ಟರ್ ಆಗಲ್ಲ. ಇಲ್ಲೇ ಬಹಳ ಜನರಿಗೆ ಗೊಂದಲ. 1954ರ ವಿಶೇಷ ವಿವಾಹ ಕಾಯ್ದೆ ಗಂಡಿಗೆ 21, ಹೆಣ್ಣಿಗೆ 18 ವರ್ಷ ಅನ್ನುತ್ತದೆ, ಅಂದರೆ ಒಂದು ಗಂಡು ಒಂದು ಹೆಣ್ಣು ಎಂದೇ ಲೆಕ್ಕ. ಇದನ್ನು ಬದಲಿಸುವುದು ಸಂಸತ್ತಿನ ಕೆಲಸ, ನಮ್ಮದಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2023ರ ಅಕ್ಟೋಬರ್ 17ರಂದು ತೀರ್ಪು ಕೊಟ್ಟಿತು. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಒಬ್ಬರು ಟ್ರಾನ್ಸ್‌ಜೆಂಡರ್ ಆಗಿದ್ದು, ಜೋಡಿ ಗಂಡು-ಹೆಣ್ಣಿನದ್ದಾದರೆ ಮಾತ್ರ ಈಗಿನ ಕಾನೂನಿನಲ್ಲೇ ಮದುವೆಯಾಗಬಹುದು ಎಂದು ಅದೇ ತೀರ್ಪು ಹೇಳಿದೆ.

ರಿಜಿಸ್ಟರ್ ಆಗದಿದ್ದರೆ ಏನು ನಷ್ಟ, ಒಟ್ಟಿಗೆ ಇದ್ದರೆ ಸಾಕಲ್ವಾ ಅನ್ನೋರಿದ್ದಾರೆ. ನಾನು ಹಿಂದೆ ಕೆಲಸ ಮಾಡ್ತಿದ್ದ ಕಡೆಯ ಸಹೋದ್ಯೋಗಿಯೊಬ್ಬಳು ಬೆಂಗಳೂರಲ್ಲಿ ತನ್ನ ಗೆಳತಿಯನ್ನು ಮದುವೆಯಾದಳು. ಟೆರೇಸ್ ಮೇಲೆ ಶಾಮಿಯಾನ, ಬಾಳೆ ಎಲೆ, ಹೋಳಿಗೆ ಊಟ. ಮುಯ್ಯಿ ಬರೆದುಕೊಳ್ಳೋಕೂ ಒಬ್ಬರು ಪುಸ್ತಕ ಹಿಡಿದು ಕೂತಿದ್ದರು. ಒಬ್ಬಳ ತಾಯಿ ಬಂದಿದ್ದರು, ಇನ್ನೊಬ್ಬಳ ಮನೆಯವರು ಯಾರೂ ಬರಲಿಲ್ಲ, ಆ ಜಾಗದಲ್ಲಿ ನಾವು ಕೆಲಸದವರೇ ನಿಂತಿದ್ದೆವು. ಕೆಲವು ತಿಂಗಳಾದ ಮೇಲೆ ಅವಳಿಗೆ ಅಪೆಂಡಿಕ್ಸ್ ಆಪರೇಷನ್. ಆಸ್ಪತ್ರೆಯವರು ಫಾರಂ ಕೊಟ್ಟು "ನೀವು ಇವರಿಗೆ ಏನಾಗಬೇಕು?" ಅಂತ ಕೇಳಿದಾಗ ಇನ್ನೊಬ್ಬಳು "ಅಕ್ಕ" ಅಂತ ಬರೆದಳಂತೆ. ಕಟ್ಟಿಕೊಂಡವಳೇ ಸುಳ್ಳು ಬರೆಯಬೇಕಾದ ಈ ಪರಿಸ್ಥಿತಿ ಹೋಗಬೇಕಾದರೆ ಕಾಯ್ದೆಯೇ ಬದಲಾಗಬೇಕು ಅನ್ನೋದು ನನ್ನ ಅಭಿಪ್ರಾಯ. ಪಕ್ಕದ ನೇಪಾಳದಲ್ಲಿ 2023ರಲ್ಲೇ ಇಂಥ ಒಂದು ಮದುವೆ ನೋಂದಣಿಯಾಗಿದೆ. ಥಾಯ್ಲೆಂಡ್‌ನಲ್ಲಿ 2025ರ ಜನವರಿಯಿಂದ ಕಾನೂನೇ ಇದೆ.

ಅಲ್ಲಿಯವರೆಗೆ ಸಿಗುವ ಸೌಲಭ್ಯ ಸ್ವಲ್ಪವೇ, ಆದರೂ ತಿಳಿದಿರಲಿ. ಸಲಿಂಗ ಜೋಡಿಗಳು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಬ್ಯಾಂಕಿನವರು ಗೊತ್ತಿಲ್ಲ ಅಂದರೆ ಇದನ್ನೇ ಹೇಳಿ. ರೇಷನ್ ಕಾರ್ಡ್‌ಗೂ ಇಂಥವರನ್ನು ಒಂದೇ ಮನೆಯವರೆಂದು ಪರಿಗಣಿಸಬೇಕು ಎಂದು ಕೇಂದ್ರವು ರಾಜ್ಯಗಳಿಗೆ ತಿಳಿಸಿದೆ. ಹತ್ತಿರದ ಬಂಧುಗಳು ಇಲ್ಲದಿದ್ದಾಗ ಸಂಗಾತಿ ಮೃತದೇಹ ಪಡೆಯಬಹುದು ಎಂದೂ ಆರೋಗ್ಯ ಸಚಿವಾಲಯ ಹೇಳಿದೆ. ಮಕ್ಕಳನ್ನು ಇಬ್ಬರೂ ಸೇರಿ ದತ್ತು ಪಡೆಯೋಕೆ ಮಾತ್ರ ಈಗಲೂ ಆಗಲ್ಲ.

ಮನೆಯವರು "ಮಗಳು ಕಾಣೆ" ಅಂತ ದೂರು ಕೊಟ್ಟು ಎಳೆದೊಯ್ಯುವುದೂ ಉಂಟು. ವಯಸ್ಕರಾದರೆ ಅವರ ಇಚ್ಛೆ ಏನು ಅಂತ ನ್ಯಾಯಾಲಯ ನೇರವಾಗಿ ಅವರನ್ನೇ ಕೇಳಬೇಕು, ಕೌನ್ಸೆಲಿಂಗ್ ಹೆಸರಲ್ಲಿ ಮನಸ್ಸು ಬದಲಿಸೋಕೆ ಹೋಗಬಾರದು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಸೂಚಿಸಿದೆ.

ಇನ್ನು ಆಸ್ತಿ ವಿಷಯ. ನಾಮಿನಿ ಆದವರು ಹಣದ ಮಾಲೀಕರಲ್ಲ, ಬ್ಯಾಂಕಿನಿಂದ ಪಡೆದು ವಾರಸುದಾರರಿಗೆ ಕೊಡಬೇಕಾದವರು ಅಷ್ಟೇ. ವಿಲ್ ಇಲ್ಲದೆ ತೀರಿಕೊಂಡರೆ ಎಲ್ಲವೂ ರಕ್ತಸಂಬಂಧಿಗಳಿಗೆ ಹೋಗುತ್ತೆ, ಹತ್ತು ವರ್ಷ ಜೊತೆಗಿದ್ದವರಿಗೆ ಏನೂ ಸಿಗಲ್ಲ. ಹಾಗಾಗಿ ಸ್ವಯಾರ್ಜಿತ ಆಸ್ತಿಗೆ ವಿಲ್ ಬರೆದಿಡಿ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ಆಸ್ತಿ ಪಡೆಯುವವರು ಸಾಕ್ಷಿ ಹಾಕಬಾರದು. ನೋಂದಣಿ ಕಡ್ಡಾಯವಲ್ಲ, ಆದರೆ ನಾಳೆ ಯಾರಾದರೂ ತಕರಾರು ತೆಗೆಯಬಹುದು ಅನಿಸಿದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡುವುದು ಒಳ್ಳೆಯದು.