ಮಧುಮೇಹಿಗಳಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ನಂತರದ ಗಾಯದ ಸೋಂಕು

ಹೃದಯ ಶಸ್ತ್ರಚಿಕಿತ್ಸೆಯ ನಂತರದ ಗಾಯದ ಸೋಂಕು ಎಂಬುದು ತೆರೆದ ಹೃದಯ ಶಸ್ತ್ರಚಿಕಿತ್ಸೆಗಾಗಿ ಎದೆಯಲ್ಲಿ ಅಥವಾ ಕಾಲಿನಲ್ಲಿ ಮಾಡಿದ ಗಾಯಕ್ಕೆ ರೋಗಾಣುಗಳು ತಗುಲಿ ಉಂಟಾಗುವ ತೊಡಕು. ಇದು ಯಾರಲ್ಲಿಯೂ ಕಾಣಿಸಿಕೊಳ್ಳಬಹುದಾದರೂ ಮಧುಮೇಹ ಇರುವವರಲ್ಲಿ ಇದರ ಸಂಭವ ಹೆಚ್ಚು. ಚರ್ಮದ ಮಟ್ಟದ ಸೋಂಕು ಸಾಮಾನ್ಯವಾಗಿ ಔಷಧಿ ಮತ್ತು ಡ್ರೆಸಿಂಗ್‌ನಿಂದ ವಾಸಿಯಾಗುತ್ತದೆ. ಎದೆಮೂಳೆಗೆ ಅಥವಾ ಅದರ ಹಿಂಬದಿಗೆ ಇಳಿದ ಸೋಂಕು ಪ್ರಾಣಾಪಾಯಕಾರಿ.

ಹಿನ್ನೆಲೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಮಧುಮೇಹಿಗಳಲ್ಲಿ ಹೃದಯದ ಹಲವು ರಕ್ತನಾಳಗಳು ಒಟ್ಟಿಗೆ ಕಿರಿದಾಗುವುದು ಸಾಮಾನ್ಯ. ಇಂತಹವರ ಮೇಲೆ ನಡೆದ ಫ್ರೀಡಮ್ ಅಧ್ಯಯನದಲ್ಲಿ (2012) ಐದು ವರ್ಷಗಳೊಳಗೆ ಸಾವು, ಹೃದಯಾಘಾತ ಅಥವಾ ಪಾರ್ಶ್ವವಾಯುವಿಗೆ ತುತ್ತಾದವರ ಪ್ರಮಾಣ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇ. 26.6, ಬೈಪಾಸ್ ಮಾಡಿಸಿಕೊಂಡವರಲ್ಲಿ ಶೇ. 18.7 ಇತ್ತು. ಆದುದರಿಂದ ಸೋಂಕಿನ ಅಪಾಯವಿದ್ದರೂ ಅನೇಕ ಮಧುಮೇಹಿಗಳಿಗೆ ವೈದ್ಯರು ಬೈಪಾಸ್ ಶಸ್ತ್ರಚಿಕಿತ್ಸೆಯನ್ನೇ ಸೂಚಿಸುತ್ತಾರೆ.

ಕಾರಣಗಳು

ತೆರೆದ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ಕೊನೆಯಲ್ಲಿ ಉಕ್ಕಿನ ತಂತಿಗಳಿಂದ ಬಿಗಿಯುತ್ತಾರೆ. ಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರಗಳು ಬೇಕು. ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚಿದಾಗ ಬಿಳಿ ರಕ್ತಕಣಗಳು ರೋಗಾಣುಗಳನ್ನು ನಾಶಮಾಡುವ ಶಕ್ತಿ ಕುಗ್ಗುತ್ತದೆ, ಗಾಯವನ್ನು ಕೂಡಿಸುವ ನಾರಿನಂಶದ ರಚನೆ ನಿಧಾನವಾಗುತ್ತದೆ. ಸಣ್ಣ ರಕ್ತನಾಳಗಳು ಮೊದಲೇ ಹಾಳಾಗಿದ್ದರೆ ಗಾಯಕ್ಕೆ ಆಮ್ಲಜನಕವೂ ಔಷಧಿಯೂ ಸಾಕಷ್ಟು ತಲುಪುವುದಿಲ್ಲ.

ಸ್ಥೂಲಕಾಯ, ಧೂಮಪಾನ, ಶ್ವಾಸಕೋಶದ ಕಾಯಿಲೆ, ರಕ್ತಸ್ರಾವಕ್ಕಾಗಿ ಎದೆಯನ್ನು ಮತ್ತೆ ತೆರೆಯಬೇಕಾದ ಸಂದರ್ಭ ಇವು ಅಪಾಯವನ್ನು ಹೆಚ್ಚಿಸುತ್ತವೆ. ಎದೆಯ ಒಳಗಿನ ಎರಡೂ ಅಪಧಮನಿಗಳನ್ನು ಬೈಪಾಸ್‌ಗೆ ಬಳಸಿದಾಗ ಎದೆಮೂಳೆಗೆ ರಕ್ತಪೂರೈಕೆ ತಗ್ಗುವುದರಿಂದ ಮಧುಮೇಹಿಗಳಲ್ಲಿ ವಿಶೇಷ ಎಚ್ಚರ ಅಗತ್ಯ. ಸ್ಟ್ಯಾಫಿಲೋಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳು ಪ್ರಮುಖ ಕಾರಕಗಳು. ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್ ಮೊದಲಾದವೂ ಕಂಡುಬರುತ್ತವೆ.

ಲಕ್ಷಣಗಳು

ಸೋಂಕು ಹೆಚ್ಚಾಗಿ ರೋಗಿ ಮನೆಗೆ ಮರಳಿದ ಮೇಲೆ, ಎರಡನೆಯ ವಾರದ ಆಸುಪಾಸಿನಲ್ಲಿ ಬಯಲಾಗುತ್ತದೆ. ಗಾಯದ ಅಂಚು ಕೆಂಪಾಗುವುದು, ಕೀವು ಅಥವಾ ನೀರು ಒಸರುವುದು, ಜ್ವರ, ದಿನೇ ದಿನೇ ಹೆಚ್ಚುವ ಎದೆನೋವು, ಕೆಮ್ಮಿದಾಗ ಎದೆಮೂಳೆ ಅಲುಗಿದಂತೆ ಅಥವಾ ಟಕ್ಕೆಂದಂತೆ ಆಗುವುದು ಮುಖ್ಯ ಸೂಚನೆಗಳು. ಕಾರಣವಿಲ್ಲದೆ ಸಕ್ಕರೆಯ ಮಟ್ಟ ಏರತೊಡಗುವುದೂ ಸೋಂಕಿನ ಮುನ್ಸೂಚನೆಯಾಗಿರಬಹುದು. ರಕ್ತನಾಳವನ್ನು ತೆಗೆದ ಕಾಲಿನ ಗಾಯವೂ ಸೋಂಕಿಗೆ ಒಳಗಾಗಬಹುದು. ನರಗಳ ಸಂವೇದನೆ ಕುಂದಿದವರಿಗೆ ನೋವು ತಿಳಿಯದಿರುವುದರಿಂದ ಕಾಲನ್ನು ದಿನವೂ ಕಣ್ಣಿನಿಂದ ನೋಡಿ ಪರೀಕ್ಷಿಸಬೇಕಾಗುತ್ತದೆ.

ತಡೆಗಟ್ಟುವಿಕೆ

ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಮಹತ್ವದ್ದು. ಚರ್ಮದಡಿ ಇನ್ಸುಲಿನ್ ಚುಚ್ಚುವುದಕ್ಕೆ ಬದಲಾಗಿ ರಕ್ತನಾಳದ ಮೂಲಕ ಅದನ್ನು ಸತತವಾಗಿ ನೀಡಿದಾಗ ಎದೆಯ ಆಳದ ಸೋಂಕು ಶೇ. 2.0ರಿಂದ ಶೇ. 0.8ಕ್ಕೆ ಇಳಿಯಿತು. ಶಸ್ತ್ರಚಿಕಿತ್ಸೆಯ ನಂತರ ರಕ್ತದ ಸಕ್ಕರೆಯನ್ನು ಪ್ರತಿ ಡೆಸಿಲೀಟರಿಗೆ 180 ಮಿಲಿಗ್ರಾಂ ಮೀರದಂತೆ ಕಾಯ್ದುಕೊಳ್ಳುವುದು ಇಂದಿನ ಸಾಮಾನ್ಯ ಪದ್ಧತಿ. ಅತಿ ಕಡಿಮೆ ಮಟ್ಟಕ್ಕೆ ಇಳಿಸುವುದು ಹಾನಿಕರ ಎಂಬುದು 2009ರ ನೈಸ್-ಶುಗರ್ ಅಧ್ಯಯನದಿಂದ ತಿಳಿದುಬಂದಿತು.

ಛೇದನಕ್ಕೆ ಮುಂಚಿನ ಒಂದು ಗಂಟೆಯೊಳಗೆ ಸೆಫಜೋಲಿನ್‌ನಂತಹ ಪ್ರತಿಜೀವಕ ನೀಡುವುದು, ಕೂದಲನ್ನು ರೇಜರ್ ಬದಲು ಕ್ಲಿಪ್ಪರ್‌ನಿಂದ ತೆಗೆಯುವುದು, ಧೂಮಪಾನ ನಿಲ್ಲಿಸುವುದು ಇತರ ಕ್ರಮಗಳು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ವೈದ್ಯರ ಸೂಚನೆಯಂತೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸಲಾಗುತ್ತದೆ.

ಚಿಕಿತ್ಸೆ

ಆಳದ ಸೋಂಕಿನಲ್ಲಿ ಗಾಯವನ್ನು ಮತ್ತೆ ತೆರೆದು ಸತ್ತ ಅಂಗಾಂಶವನ್ನು ತೆಗೆಯುತ್ತಾರೆ. ಕೀವಿನ ಕಲ್ಚರ್ ಪರೀಕ್ಷೆಯ ಆಧಾರದ ಮೇಲೆ ಪ್ರತಿಜೀವಕವನ್ನು ಆರಿಸಿ, ಮೂಳೆಗೆ ಸೋಂಕಿದ್ದರೆ ಸುಮಾರು ಆರು ವಾರ ಮುಂದುವರಿಸುತ್ತಾರೆ. ಗಾಯದ ದ್ರವವನ್ನು ಹೀರಿ ತೆಗೆಯುವ ವ್ಯಾಕ್ಯೂಮ್ ಡ್ರೆಸಿಂಗ್ ಈಗ ವ್ಯಾಪಕವಾಗಿದೆ. ಅಂತರ ದೊಡ್ಡದಾಗಿದ್ದರೆ ಎದೆಯ ಸ್ನಾಯು ಅಥವಾ ಹೊಟ್ಟೆಯೊಳಗಿನ ಕೊಬ್ಬಿನ ಪದರದಿಂದ ಅದನ್ನು ಮುಚ್ಚಲಾಗುತ್ತದೆ.

ಇತರ ತೊಡಕುಗಳು

ಮೂತ್ರಪಿಂಡಗಳ ವೈಫಲ್ಯ, ಪಾರ್ಶ್ವವಾಯು ಮತ್ತು ದೀರ್ಘಕಾಲದ ಆಸ್ಪತ್ರೆವಾಸ ಮಧುಮೇಹಿಗಳಲ್ಲಿ ಹೆಚ್ಚಾಗಿ ಕಂಡುಬರುತ್ತವೆ.

ಪೂರ್ವ ಬೆಂಗಳೂರಿನಲ್ಲಿ

ಕೆ.ಆರ್. ಪುರದ ಆಚೆ ವೈಟ್‌ಫೀಲ್ಡ್‌ನಲ್ಲಿ 2001ರಲ್ಲಿ ಆರಂಭವಾದ ಶ್ರೀ ಸತ್ಯಸಾಯಿ ಉನ್ನತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಹೃದಯ ಶಸ್ತ್ರಚಿಕಿತ್ಸೆಯನ್ನು ಶುಲ್ಕವಿಲ್ಲದೆ ನಡೆಸುತ್ತದೆ. ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಹಾಗೂ ಇಂದಿರಾನಗರದ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ ಈ ಭಾಗದ ಸರ್ಕಾರಿ ಆಸ್ಪತ್ರೆಗಳು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಮನೆಗೆ ಮರಳಿದ ನಂತರ ಗಾಯ ಒಸರತೊಡಗಿದರೆ ಔಷಧಿ ಅಂಗಡಿಯಿಂದ ತಾವೇ ಮಾತ್ರೆ ಕೊಂಡು ನುಂಗುವುದಕ್ಕಿಂತ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಗೆ ಅಂದೇ ಹಿಂತಿರುಗುವುದು ಸುರಕ್ಷಿತ. ಪರೀಕ್ಷೆಗೆ ಮೊದಲೇ ನುಂಗಿದ ಪ್ರತಿಜೀವಕವು ರೋಗಾಣುವಿನ ಗುರುತನ್ನು ಮರೆಮಾಡಿ ಸರಿಯಾದ ಚಿಕಿತ್ಸೆಯನ್ನು ತಡಮಾಡಬಲ್ಲದು.