ಮೀನು ಮುಗಿಲಿನಿಂದ ಉದುರುವುದಿಲ್ಲ

ಬೇಸಿಗೆಯಲ್ಲಿ ಬಿರುಕು ಬಿಟ್ಟಿದ್ದ ಕೆರೆಯಂಗಳ; ಮಿರಗದ ಮಳೆ ಬಿದ್ದು ನಾಲ್ಕು ದಿನ ಕಳೆದರೆ ಅದರಲ್ಲೇ ಮೀನು. ಅದಕ್ಕೇ ನಮ್ಮ ಕಡೆ ಅನೇಕರು ಮೀನಿನ ತತ್ತಿ ಮಳೆಯ ಜೊತೆ ಬೀಳುತ್ತದೆ ಎಂದು ನಂಬುತ್ತಾರೆ. ಸುಂಟರಗಾಳಿ ಎತ್ತಿಕೊಂಡ ಮೀನು ಬೇರೆಡೆ ಬಿದ್ದ ಪ್ರಸಂಗಗಳು ಜಗತ್ತಿನಲ್ಲಿ ಇವೆ, ಆದರೆ ತೀರಾ ಅಪರೂಪ. ನಮ್ಮ ಮಾಸೂರಿನ ಮದಗದ ಕೆರೆಗೆ ಮೀನು ಬರುವ ದಾರಿ ಬೇರೆ. ಹೊಸನಗರ ತಾಲ್ಲೂಕಿನ ಹುಂಚದ ಬಳಿ, ಮಲೆನಾಡಿನಲ್ಲಿ ಹುಟ್ಟುವ ಕುಮುದ್ವತಿ ಹೊಳೆ ಶಿಕಾರಿಪುರ ದಾಟಿ ಇತ್ತ ಬರುತ್ತದೆ. ಹೊಳೆ ತುಂಬಿದಾಗ ಮೇಲಿನ ಮಡುಗಳಲ್ಲಿ, ಕೆರೆಗಳಲ್ಲಿ ಉಳಿದಿದ್ದ ಮೀನು ನೀರಿನೊಡನೆ ಕೆಳಗಿಳಿಯುತ್ತದೆ. ಇನ್ನು ಕೆಲವು ಎಲ್ಲಿಯೂ ಹೋಗಿರುವುದೇ ಇಲ್ಲ. ಕೊರವ, ಚೇಳುಮೀನುಗಳಿಗೆ ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಅಂಗವೂ ಇದೆ; ಹಸಿ ಕೆಸರಿದ್ದರೆ ಸಾಕು, ಬೇಸಿಗೆ ಕಳೆಯುತ್ತವೆ.

ಕಾಟ್ಲಾ, ರೋಹು ನಮ್ಮ ಹೊಳೆಯವೇ, ಒಮ್ಮೆ ಬಿಟ್ಟರೆ ಕೆರೆಯಲ್ಲಿ ತಾವೇ ಹೆಚ್ಚುತ್ತವೆ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಅವು ಗಂಗಾ ಬಯಲಿನ ಮೀನುಗಳು. ತತ್ತಿ ಇಡಲು ಅವಕ್ಕೆ ಮುಂಗಾರಿನ ಹರಿಯುವ ನೀರು ಬೇಕು. ನಿಂತ ಕೆರೆಯಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ತತ್ತಿ ಇಡಿಸಿದ ಮೇಲೆಯೇ ಮರಿಗಳನ್ನು ಕೇಂದ್ರಗಳಲ್ಲಿ ಬೆಳೆಸಿ ಊರೂರಿಗೆ ಕೊಡುವುದು ಸಾಧ್ಯವಾಯಿತು. ವರ್ಷವರ್ಷವೂ ಮರಿ ತಂದು ಬಿಡಬೇಕಾಗಿರುವುದು ಇದಕ್ಕೇ.

ನನಗೆ ಹೆಚ್ಚು ಕಳವಳ ತರುವುದು ಮೂರನೆಯದು: ಹೊಸ ನೀರಿಗೆ ಏರುವ ಮೀನು ಹೇಗೂ ಸಾಯುವಂಥದ್ದು, ಹಿಡಿದರೆ ನಷ್ಟವಿಲ್ಲ ಎಂಬ ಮಾತು. ಅದು ಸಾಯಲು ಏರುವುದಿಲ್ಲ, ತತ್ತಿ ಇಡಲು ಏರುತ್ತದೆ. ಹಳ್ಳದ ಬಾಯಿಗೆ ಕೂಳಿ ಒಡ್ಡಿ ಒಂದು ರಾತ್ರಿ ಹಿಡಿದರೆ ಆ ವರ್ಷದ ಸಂತತಿಯೇ ಹೋಯಿತು. ಕೊರವನ ಮಟ್ಟಿಗೆ ನಷ್ಟ ಇನ್ನೂ ದೊಡ್ಡದು. ಅದರ ಕೆಂಪು ಮರಿಗಳು ಗುಂಪಾಗಿ ತೇಲುವಾಗ ತಂದೆತಾಯಿ ಕೆಳಗೇ ಕಾವಲಿರುತ್ತವೆ. ಅವನ್ನು ಹಿಡಿದರೆ ಮರಿಗಳು ಬೇರೆ ಮೀನಿಗೆ, ಹಕ್ಕಿಗೆ ಆಹಾರವಾಗುತ್ತವೆ.

ಹೊಳೆಯ ದಂಡೆಯವರೇ, ಮುಂಗಾರಿನ ಮೊದಲ ಎರಡು ತಿಂಗಳು ಹಳ್ಳದ ಬಾಯಿ ಬಿಟ್ಟುಕೊಡಿ. ತತ್ತಿ ತುಂಬಿದ ಮೀನು ಬಲೆಗೆ ಬಿದ್ದರೆ ಜೀವಂತವಾಗಿ ನೀರಿಗೆ ಬಿಡಿ.