ಪಿರಮಿಡ್ಡಿನ ಹಾಜರಿ ಪುಸ್ತಕ

ಗೀಜಾದಲ್ಲಿ ಬಸ್ಸಿಳಿದ ಭಾವನ ಕಣ್ಣಿಗೆ ಮೊದಲು ಬಿದ್ದದ್ದು ಪಿರಮಿಡ್ ಅಲ್ಲ, ಪಿಜ್ಜಾ ಅಂಗಡಿ. ಸ್ಫಿಂಕ್ಸ್ ಎದುರಿನ ಬೀದಿಯಲ್ಲೇ ಇದೆ. “ಇದೆಂತದು ಮಾರಾಯ, ಪಿರಮಿಡ್ಡು ಮರುಭೂಮಿ ನಡುವೆ ಇರೋದಲ್ವಾ?” ಎಂದರು. ಕೈರೋದ ಕಡೆಯ ಮನೆಗಳು ಸ್ಫಿಂಕ್ಸ್‌ನ ಕಾಲಬುಡದವರೆಗೂ ಬಂದಿವೆ. ಕ್ಯಾಲೆಂಡರಿನ ಫೋಟೋ ತೆಗೆಯುವವರು ಊರಿಗೆ ಬೆನ್ನು ಹಾಕಿ ನಿಲ್ಲುತ್ತಾರೆ, ಅಷ್ಟೇ. ಪಶ್ಚಿಮಕ್ಕೆ ಮುಖ ಮಾಡಿದರೆ ಮರಳು, ಪೂರ್ವಕ್ಕೆ ತಿರುಗಿದರೆ ಟ್ರಾಫಿಕ್ಕು.

ಇತಿಹಾಸದ ಹುಚ್ಚು ನನಗೆ. ಜೊತೆಗೆ ಬರಬೇಕಿದ್ದವಳು ಅಕ್ಕ. ಅವಳ ಮೊಣಕಾಲು ಕೈಕೊಟ್ಟಿದ್ದರಿಂದ ಆ ಜಾಗಕ್ಕೆ ಭಾವ ಬಂದರು. ಶಿರಸಿ ಕಡೆಯ ಅಡಿಕೆ, ಮೆಣಸಿನ ತೋಟದವರು. ಈಜಿಪ್ಟಿನ ಬಗ್ಗೆ ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ಓದಿಕೊಂಡೇ ವಿಮಾನ ಹತ್ತಿದ್ದರು. ನಗಬೇಡಿ. ಅವರು ಕೇಳಿದ ಪ್ರಶ್ನೆಗಳಲ್ಲಿ ಅರ್ಧವನ್ನಾದರೂ ನಾವೆಲ್ಲ ಒಂದು ಕಾಲದಲ್ಲಿ ನಂಬಿದವರೇ.

“ಗುಲಾಮರಿಗೆ ಚಾಟಿ ಬೀಸಿ ಕಟ್ಟಿಸಿದ್ದು”

ಈ ಚಿತ್ರವನ್ನು ನಮ್ಮ ತಲೆಯಲ್ಲಿ ಕೂರಿಸಿದ್ದು ಹಾಲಿವುಡ್. ಬೈಬಲ್ ಕೂಡ ಇಸ್ರೇಲಿನವರು ಪಿರಮಿಡ್ ಕಟ್ಟಿದರು ಎನ್ನುವುದಿಲ್ಲ. ಅವರು ಇಟ್ಟಿಗೆ ಮಾಡಿ ಉಗ್ರಾಣದ ಪಟ್ಟಣಗಳನ್ನು ಕಟ್ಟಿದರು ಎನ್ನುತ್ತದೆ. ಖುಫುವಿನ ಮಹಾ ಪಿರಮಿಡ್ ಕಲ್ಲಿನದು, ಸುಮಾರು ಕ್ರಿ.ಪೂ. 2560ರದು, ಅಂದರೆ ಆ ಕಥೆಯ ಕಾಲಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನದು.

1990ರಲ್ಲಿ ಪಿರಮಿಡ್‌ಗಳ ದಕ್ಷಿಣಕ್ಕೆ ಒಂದು ಕುದುರೆ ಎಡವಿತು. ಕಾಲಿಗೆ ಸಿಕ್ಕಿದ್ದು ಮಣ್ಣಿನ ಇಟ್ಟಿಗೆಯ ಗೋಡೆ. ಅಗೆದಾಗ ಹೊರಬಿದ್ದದ್ದು ಪಿರಮಿಡ್ ಕಟ್ಟಿದ ಕೆಲಸಗಾರರ ಸ್ಮಶಾನ. ಹತ್ತಿರದಲ್ಲೇ ಅವರ ಊರು ಸಿಕ್ಕಿತು: ರೊಟ್ಟಿ ಸುಡುವ ಮನೆಗಳು, ರಾಶಿ ರಾಶಿ ದನ ಕುರಿಗಳ ಎಲುಬು. ಅಸ್ಥಿಪಂಜರಗಳಲ್ಲಿ ಮುರಿದು ಮತ್ತೆ ನೆಟ್ಟಗೆ ಕೂಡಿಕೊಂಡ ಮೂಳೆಗಳಿವೆ. ಅಂದರೆ ಯಾರೋ ಪಟ್ಟಿ ಕಟ್ಟಿ ಆರೈಕೆ ಮಾಡಿದ್ದಾರೆ. ರಾಜನ ಗೋರಿಯ ಪಕ್ಕದಲ್ಲಿ, ಪರಲೋಕದ ದಾರಿಗೆ ಬೇಕಾದ ಗಡಿಗೆ ಕುಡಿಕೆಗಳನ್ನಿಟ್ಟು ಗುಲಾಮರನ್ನು ಯಾರೂ ಹೂಳುವುದಿಲ್ಲ.

ಹಾಗಂತ ಎಲ್ಲರೂ ಭಕ್ತಿಯಿಂದ ಕುಣಿದುಕೊಂಡು ಬಂದರು ಎನ್ನುವ ಇನ್ನೊಂದು ತುದಿಗೂ ಹೋಗಬೇಕಿಲ್ಲ. ಕನ್ನಡದಲ್ಲಿ ಇದಕ್ಕೆ ಸರಿಯಾದ ಹಳೆಯ ಮಾತೊಂದಿದೆ: ಬಿಟ್ಟಿ. ಪ್ರಭುತ್ವಕ್ಕೆ ಸರದಿಯ ಮೇಲೆ ದುಡಿಯಲೇಬೇಕು, ಹೊಟ್ಟೆಗೆ ಪ್ರಭುತ್ವ ಹಾಕುತ್ತದೆ. ನುರಿತ ಕಲ್ಲುಕುಟಿಗರು ವರ್ಷವಿಡೀ ಅಲ್ಲೇ ಇದ್ದರು, ಉಳಿದವರು ಬಂದು ಹೋಗುವವರು.

ನನಗೆ ಇಡೀ ಪ್ರವಾಸದಲ್ಲಿ ಅತಿ ಪ್ರಿಯವಾದ ವ್ಯಕ್ತಿ ಇಲ್ಲಿ ಬರುತ್ತಾನೆ. ಹೆಸರು ಮೇರರ್. 2013ರಲ್ಲಿ ಫ್ರೆಂಚ್ ವಿದ್ವಾಂಸ ಪಿಯರ್ ತಲ್ಲೆ ಅವರ ತಂಡ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ ಇವನ ದಿನಚರಿಯ ಪಪೈರಸ್ ತುಣುಕುಗಳನ್ನು ಪತ್ತೆಮಾಡಿತು. ಮೇರರ್‌ನ ಕೈಕೆಳಗೆ ಸುಮಾರು 40 ಜನ. ತೂರಾದ ಗಣಿಯಿಂದ ಬಿಳಿ ಸುಣ್ಣದಕಲ್ಲನ್ನು ದೋಣಿಗೆ ಹೇರಿ, ನೈಲ್ ನದಿ ಮತ್ತು ಕಾಲುವೆಗಳ ದಾರಿಯಲ್ಲಿ ಗೀಜಾಕ್ಕೆ ಮುಟ್ಟಿಸುವುದು ಕೆಲಸ. ಇಂಥ ದಿನ ಗಣಿಯಲ್ಲಿದ್ದೆವು, ಇಂಥ ದಿನ ದೋಣಿ ಬಿಟ್ಟೆವು, ಇಂಥಲ್ಲಿ ರಾತ್ರಿ ತಂಗಿದೆವು. ಲಾರಿ ಡ್ರೈವರ್ ಬರೆದಿಡುವ ಟ್ರಿಪ್ ಶೀಟಿನಷ್ಟೇ ನೀರಸ. ಖುಫು ಬದುಕಿದ್ದಾಗಲೇ ಬರೆದದ್ದು, ಬರಹವಿರುವ ಪಪೈರಸ್‌ಗಳಲ್ಲಿ ಈವರೆಗೆ ಸಿಕ್ಕ ಅತ್ಯಂತ ಹಳೆಯದು.

“ಅದೆಲ್ಲ ಸರಿ, 23 ಲಕ್ಷ ಕಲ್ಲು ಮನುಷ್ಯರಿಂದ ಆಗೋದಾ? ಏಲಿಯನ್ಸ್ ಅಂತಾರಲ್ಲ,” ಎಂದರು ಭಾವ.

ಉತ್ತರಕ್ಕಾಗಿ ಅವರನ್ನು ದಹಶೂರಿಗೆ ಕರೆದುಕೊಂಡು ಹೋದೆ. ಅಲ್ಲಿರುವುದು ಖುಫುವಿನ ಅಪ್ಪ ಸ್ನೆಫೆರು ಕಟ್ಟಿಸಿದ ಸೊಟ್ಟ ಪಿರಮಿಡ್. ಕೆಳಗೆ ಸುಮಾರು 54 ಡಿಗ್ರಿ ಕಡಿದಾಗಿ ಏಳುತ್ತಾ ಹೋಗಿ, ಅರ್ಧದಲ್ಲಿ ಸುಮಾರು 43 ಡಿಗ್ರಿಗೆ ಬಾಗುತ್ತದೆ. ಕಟ್ಟಡ ಬಿರುಕು ಬಿಡತೊಡಗಿದಾಗ ಮೇಸ್ತ್ರಿಗಳು ಲೆಕ್ಕ ಬದಲಿಸಿದ ಗುರುತು. ಆಮೇಲೆ ಅದರ ಉತ್ತರಕ್ಕೇ ಮೊದಲಿಂದಲೂ ತಗ್ಗಿನ ಕೋನದಲ್ಲಿ ಇನ್ನೊಂದನ್ನು ಕಟ್ಟಿದರು. ಮಗನ ಕಾಲಕ್ಕೆ ಕೈ ಪಳಗಿತ್ತು. ಭಾವ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದರು. “ಏಲಿಯನ್ ಆಗಿದ್ರೆ ಒಂದೇ ಸಲಕ್ಕೆ ಸರಿಯಾಗಿ ಕಟ್ತಿದ್ದ. ಇದು ನಮ್ಮವರದ್ದೇ ಕೆಲಸ,” ಎಂದರು. ಇದಕ್ಕಿಂತ ಒಳ್ಳೆಯ ವಾದವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಸ್ಫಿಂಕ್ಸ್‌ನ ಮೂಗಿನ ವಿಷಯ ಬೇಗ ಮುಗಿಯುತ್ತದೆ. ನೆಪೋಲಿಯನ್ನನ ಸೈನಿಕರು ಫಿರಂಗಿ ಹೊಡೆದು ಹಾರಿಸಿದರು ಎಂಬುದು ಪ್ರತೀತಿ. ಅವನು ಈಜಿಪ್ಟಿಗೆ ಬಂದದ್ದು 1798ರಲ್ಲಿ. ಡೆನ್ಮಾರ್ಕಿನ ಫ್ರೆಡರಿಕ್ ನಾರ್ಡನ್ 1737ರಲ್ಲಿ ಬರೆದುಕೊಂಡ ಚಿತ್ರದಲ್ಲೇ ಮೂಗಿಲ್ಲ. ನೆಪೋಲಿಯನ್ ಮೇಲೆ ಬೇರೆ ಆರೋಪಗಳು ಸಾಕಷ್ಟಿವೆ, ಇದೊಂದನ್ನು ಬಿಡೋಣ.

“ಅಲ್ಲಿ ಕನ್ನಡ ಸಿಕ್ಕಿದೆಯಂತೆ”

ಕೈರೋದಿಂದ ಲಕ್ಸರ್‌ಗೆ ರೈಲು. ಮಿನ್ಯಾ ಪ್ರಾಂತ್ಯ ದಾಟುವಾಗ ನಾನೇ ಬಾಯಿ ಬಿಟ್ಟೆ. ಇದೇ ಸೀಮೆಯ ಆಕ್ಸಿರಿಂಕಸ್‌ನ ಹಳೆಯ ತಿಪ್ಪೆಗಳಲ್ಲಿ ಗ್ರೀಕ್ ಪ್ರಹಸನವೊಂದರ ಪಪೈರಸ್ ಸಿಕ್ಕಿದೆ. ಭಾರತದ ಕರಾವಳಿಯ ರಾಜನೊಬ್ಬನ ಕೈಗೆ ಸಿಕ್ಕಿಬಿದ್ದ ಖಾರಿಟಿಯನ್ ಎಂಬ ಗ್ರೀಕ್ ಹುಡುಗಿಯನ್ನು ಅವಳ ಸೋದರ ಮತ್ತು ಅವನ ಸಂಗಡಿಗರು, ರಾಜನಿಗೆ ಕುಡಿಸಿ, ಬಿಡಿಸಿಕೊಂಡು ಹೋಗುವ ಕಥೆ. ರಾಜನ ಕಡೆಯವರು ಗ್ರೀಕರಿಗೆ ತಿಳಿಯದ ಭಾಷೆಯಲ್ಲಿ ಮಾತಾಡುತ್ತಾರೆ. ಅದು ಕನ್ನಡ ಎಂದು 1904ರಲ್ಲಿ ಹೇಳಿದವರು ಜರ್ಮನ್ ವಿದ್ವಾಂಸ ಹುಲ್ಟ್ಷ್. ಆರ್. ಶಾಮಾಶಾಸ್ತ್ರಿ, ಗೋವಿಂದ ಪೈ ಇಬ್ಬರೂ ಅದನ್ನು ಮುಂದುವರಿಸಿದರು.

ಭಾವ ನೆಟ್ಟಗೆ ಕುಳಿತರು. “ಹಾಗಾದ್ರೆ ಸಾಬೀತಾಯ್ತಲ್ಲ!”

ಇಲ್ಲ. 1926ರಲ್ಲಿ ಎಲ್.ಡಿ. ಬಾರ್ನೆಟ್ ಇದನ್ನು ಒಪ್ಪದೆ ಬರೆದರು. ಅದು ತುಳು ಎಂದವರಿದ್ದಾರೆ, ಪ್ರೇಕ್ಷಕರನ್ನು ನಗಿಸಲು ಹೆಣೆದ ಅರ್ಥವಿಲ್ಲದ ಸದ್ದು ಎಂದವರೂ ಇದ್ದಾರೆ. ಗ್ರೀಕ್ ಲಿಪಿಯಲ್ಲಿ ಕಿವಿಗೆ ಬಿದ್ದಂತೆ ಬರೆದ ತುಂಡು ಮಾತುಗಳಿಂದ ಪದ ಬಿಡಿಸುವಾಗ ನಮಗೆ ಬೇಕಾದ ಪದವೇ ಸಿಗುವ ಅಪಾಯವಿದೆ. ಆದ್ದರಿಂದ ‘ಕನ್ನಡ ಇರಬಹುದು’ ಎಂದರೆ ವಾದ, ‘ಈಜಿಪ್ಟಿನಲ್ಲಿ ಕನ್ನಡ ಸಿಕ್ಕಿದೆ’ ಎಂದರೆ ಫಾರ್ವರ್ಡು. ಕನ್ನಡಿಗನಾಗಿ ಇದನ್ನು ಬರೆಯುವಾಗ ನನಗೂ ಸ್ವಲ್ಪ ಹೊಟ್ಟೆ ಉರಿಯುತ್ತದೆ.

“ಕಲ್ಲಿನಲ್ಲಿ ಹೆಲಿಕಾಪ್ಟರ್, ಗೋಡೆಯಲ್ಲಿ ಬಲ್ಬು”

ಅಬಿದೋಸ್‌ನ ಸೇತಿ ದೇವಾಲಯಕ್ಕೆ ಬರುವವರಲ್ಲಿ ಹಲವರು ಆ ನವಿರಾದ ಉಬ್ಬುಶಿಲ್ಪಗಳನ್ನು ದಾಟಿ ನೇರ ಒಂದು ತೊಲೆಯ ಕೆಳಗೆ ಹೋಗಿ ಕತ್ತೆತ್ತುತ್ತಾರೆ. ಅಲ್ಲಿ ನಿಜಕ್ಕೂ ಹೆಲಿಕಾಪ್ಟರ್ ಕಾಣುತ್ತದೆ. ರೆಕ್ಕೆ, ಬಾಲ, ಎಲ್ಲ. ನನಗೂ ಒಂದು ಕ್ಷಣ ಎದೆ ಧಸಕ್ಕೆಂದಿತು.

ಆದದ್ದು ಇಷ್ಟು. ಮೊದಲ ಸೇತಿ ತನ್ನ ಬಿರುದನ್ನು ಆ ತೊಲೆಯಲ್ಲಿ ಕೆತ್ತಿಸಿದ್ದ, ‘ಒಂಬತ್ತು ಬಿಲ್ಲುಗಳನ್ನು ಹಿಮ್ಮೆಟ್ಟಿಸಿದವನು’ ಎಂಬ ಅರ್ಥದ್ದು. ಒಂಬತ್ತು ಬಿಲ್ಲು ಎಂದರೆ ಈಜಿಪ್ಟಿನ ಸಾಂಪ್ರದಾಯಿಕ ಶತ್ರುಗಳು. ಅಪ್ಪ ಸತ್ತ ಮೇಲೆ ಮಗ ಎರಡನೆಯ ರಾಮ್ಸೆಸ್ ಹಳೆಯ ಅಕ್ಷರಗಳಿಗೆ ಗಾರೆ ತುಂಬಿಸಿ, ಅದರ ಮೇಲೆಯೇ ‘ಈಜಿಪ್ಟನ್ನು ಕಾಪಾಡುವವನು’ ಎಂಬ ತನ್ನ ಬಿರುದು ಕೆತ್ತಿಸಿದ. ಮೂರು ಸಾವಿರ ವರ್ಷದಲ್ಲಿ ಗಾರೆ ಉದುರಿತು. ಅಪ್ಪನ ಅಕ್ಷರ, ಮಗನ ಅಕ್ಷರ ಒಂದರೊಳಗೊಂದು ಹೆಣೆದುಕೊಂಡವು. ಅದೇ ಬಿರುದುಗಳು ಬೇರೆಡೆ ಕಲಸಿಹೋಗದೆ ಇರುವುದರಿಂದ ಒಂದೊಂದು ಗೆರೆ ಯಾರದೆಂದು ಬಿಡಿಸಿ ತೋರಿಸಬಹುದು. ಅಂತರ್ಜಾಲದ ಕೆಲವು ಫೋಟೋಗಳನ್ನು ತಿದ್ದಿ ಹೆಲಿಕಾಪ್ಟರನ್ನು ಇನ್ನಷ್ಟು ಚೂಪು ಮಾಡಿರುವುದೂ ಉಂಟು. ಅಪ್ಪನ ಹೆಸರಿನ ಮೇಲೆ ಮಗ ಗಾರೆ ಬಳಿದ ಸಂಸಾರದ ಕಥೆಗಿಂತ ಹೆಲಿಕಾಪ್ಟರ್ ಯಾಕೆ ದೊಡ್ಡದೆನಿಸುತ್ತದೋ!

ದೆಂದೆರಾ ದೇವಾಲಯದ ‘ಬಲ್ಬು’ ನೆಲಮಾಳಿಗೆಯ ಇಕ್ಕಟ್ಟಾದ ಓಣಿಯಲ್ಲಿದೆ. ತಾವರೆ ಹೂವಿನಿಂದ ಹಾವಿನ ರೂಪದಲ್ಲಿ ಹುಟ್ಟಿಬರುವ ದೇವರ ಚಿತ್ರ ಅದು. ವೈರ್ ಎಂದು ತೋರಿಸುವುದು ತಾವರೆಯ ದಂಟು. ಪಕ್ಕದಲ್ಲೇ ಕೆತ್ತಿದ ಬರಹವೂ ಇದೆ. ‘ಕರೆಂಟ್ ಇರಲಿಲ್ಲವಾದರೆ ಗೋರಿಗಳಲ್ಲಿ ದೀಪದ ಮಸಿ ಯಾಕಿಲ್ಲ?’ ಎಂಬುದು ಬಲ್ಬಿನವರ ದೊಡ್ಡ ಪ್ರಶ್ನೆ. ಇದೇ ದೆಂದೆರಾದ ಚಾವಣಿ ಮೊನ್ನೆ ಮೊನ್ನೆಯವರೆಗೂ ಮಸಿಯಿಂದ ಕಪ್ಪಾಗಿತ್ತು. ಈಚಿನ ವರ್ಷಗಳಲ್ಲಿ ತೊಳೆದ ಮೇಲೆ ನೀಲಿ ಆಕಾಶ ಎದ್ದು ಬಂದಿದೆ. ಅಲ್ಲದೆ ರಾಜರ ಕಣಿವೆಯ ಗೋರಿ ಕೊರೆದವರಿಗೆ ಎಷ್ಟು ದೀಪದ ಬತ್ತಿ ಕೊಟ್ಟರು ಎಂಬ ಲೆಕ್ಕವೇ ಉಳಿದಿದೆ.

ದೆಂದೆರಾ ಇನ್ನೊಂದು ತಪ್ಪನ್ನೂ ತಿದ್ದುತ್ತದೆ. ನಾವು ‘ಫೇರೋಗಳ ಕಾಲದ್ದು’ ಎಂದು ಬೆರಗಾಗುವ, ಚಾವಣಿಸಮೇತ ಉಳಿದ ದೆಂದೆರಾ, ಎದ್ಫು, ಫಿಲೆ ಎಲ್ಲವೂ ಬಹುಮಟ್ಟಿಗೆ ಗ್ರೀಕ್ ಮೂಲದ ಟಾಲೆಮಿ ಅರಸರ ಮತ್ತು ರೋಮನ್ನರ ಕಾಲದವು. ಎದ್ಫು ಕಟ್ಟಲು ಶುರುವಾದದ್ದು ಕ್ರಿ.ಪೂ. 237ರಲ್ಲಿ, ಮುಗಿದದ್ದು ಕ್ರಿ.ಪೂ. 57ರಲ್ಲಿ. ದೆಂದೆರಾದ ಹಿಂದಿನ ಗೋಡೆಯ ಮೇಲೆ ಕ್ಲಿಯೋಪಾತ್ರಾ ಮಗನೊಡನೆ ನಿಂತಿದ್ದಾಳೆ. ಮಹಾ ಪಿರಮಿಡ್ಡಿಗೂ ಅವಳಿಗೂ ನಡುವೆ ಸುಮಾರು 2500 ವರ್ಷ, ಅವಳಿಗೂ ನಮಗೂ 2050ರ ಆಸುಪಾಸು. ಅವಳಿಗೂ ಪಿರಮಿಡ್ ಪುರಾತನ ಅವಶೇಷವೇ.

ಬತ್ತಿಯ ಲೆಕ್ಕ ಬರೆದ ಊರು ದೇರ್ ಎಲ್-ಮದೀನಾ, ಲಕ್ಸರ್‌ನ ಪಶ್ಚಿಮ ದಂಡೆಯಲ್ಲಿದೆ. ಗೋರಿ ಕೊರೆಯುವ ಕುಶಲಕರ್ಮಿಗಳ ಊರು. ಮನೆಗಳ ತಳಪಾಯ ಸಾಲಾಗಿ ಹಾಗೇ ಇವೆ. ಎರಡನೆಯ ರಾಮ್ಸೆಸ್‌ನ ಆಳ್ವಿಕೆಯ 40ನೇ ವರ್ಷದ ಹಾಜರಿ ಪಟ್ಟಿಯೊಂದು ಸುಣ್ಣದಕಲ್ಲಿನ ಚಕ್ಕೆಯ ಮೇಲೆ ಬರೆದದ್ದು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಯಾರು ಯಾವತ್ತು ಬರಲಿಲ್ಲ, ಯಾಕೆ: ಒಬ್ಬನಿಗೆ ಚೇಳು ಕಚ್ಚಿದೆ, ಒಬ್ಬನಿಗೆ ಕಣ್ಣು ನೋವು, ಇನ್ನೊಬ್ಬ ಬಿಯರ್ ಕಾಯಿಸುತ್ತಿದ್ದ. ಮೂರನೆಯ ರಾಮ್ಸೆಸ್‌ನ 29ನೇ ವರ್ಷದಲ್ಲಿ ಪಡಿ ಧಾನ್ಯ ತಡವಾದಾಗ ಇದೇ ಊರಿನವರು ಕೆಲಸ ಬಿಟ್ಟು ಹೋಗಿ ದೇವಾಲಯಗಳ ಬಳಿ ಧರಣಿ ಕೂತರು. ಬರಹದಲ್ಲಿ ದಾಖಲಾದ ಮುಷ್ಕರಗಳಲ್ಲಿ ಇದೇ ಅತಿ ಹಳೆಯದು. ಧಾನ್ಯ ಬಂತು.

“ಗೋರಿ ತೆರೆದವರೆಲ್ಲ ಸತ್ತರು”

ಸತ್ತರು, ಹೌದು. ಎಲ್ಲರೂ ಸಾಯುತ್ತಾರೆ. ಟುಟಾಂಖಾಮನ್‌ನ ಗೋರಿ ಸಿಕ್ಕಿದ್ದು 1922ರ ನವೆಂಬರಿನಲ್ಲಿ. ಹಣ ಹಾಕಿದ ಲಾರ್ಡ್ ಕಾರ್ನಾರ್ವನ್ 1923ರ ಏಪ್ರಿಲ್ 5ರಂದು ತೀರಿಕೊಂಡ. ಸೊಳ್ಳೆ ಕಚ್ಚಿದ ಜಾಗಕ್ಕೆ ಕ್ಷೌರದ ಕತ್ತಿ ತಾಗಿ, ನಂಜೇರಿ, ನ್ಯುಮೋನಿಯಾ ಆಗಿ. ಆ ಹೊತ್ತಿಗೆ ಕೈರೋದಲ್ಲಿ ದೀಪ ಆರಿತಂತೆ. ಕರೆಂಟ್ ಹೋಗುವುದೇ ಶಾಪವಾದರೆ ಮಲೆನಾಡಿನ ಮಳೆಗಾಲದಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ, ಇದನ್ನು ಭಾವನೇ ಹೇಳಿದರು. ಗೋರಿಯಲ್ಲಿ ಪತ್ರಿಕೆಗಳು ಬರೆದಂಥ ಶಾಪದ ಶಾಸನವೇ ಇಲ್ಲ. ಅಗೆಸಿದ ಹೊವಾರ್ಡ್ ಕಾರ್ಟರ್ 1939ರವರೆಗೆ, ಮೊದಲ ದಿನಗಳಲ್ಲೇ ಒಳಹೊಕ್ಕ ಕಾರ್ನಾರ್ವನ್ ಮಗಳು ಈವ್ಲಿನ್ 1980ರವರೆಗೆ ಬದುಕಿದ್ದರು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ಆಗ ಈಜಿಪ್ಟಿನಲ್ಲಿದ್ದ 44 ಪಾಶ್ಚಾತ್ಯರನ್ನು ಲೆಕ್ಕ ಹಾಕಿತು. ‘ಶಾಪ’ಕ್ಕೆ ಸಿಕ್ಕ 25 ಜನ ಬದುಕಿದ ಅವಧಿಗೂ ಉಳಿದವರದ್ದಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಎರಡನೆಯ ರಾಮ್ಸೆಸ್‌ನ ಅಬು ಸಿಂಬೆಲ್ ಗುಡಿಯಲ್ಲಿ ಗೈಡ್ ಹೇಳಿದ್ದು: ಫೆಬ್ರವರಿ 22, ಅಕ್ಟೋಬರ್ 22ರಂದು ಸೂರ್ಯಕಿರಣ ಗರ್ಭಗುಡಿಯವರೆಗೆ ಬರುತ್ತದೆ, ಒಂದು ರಾಮ್ಸೆಸ್‌ನ ಹುಟ್ಟುಹಬ್ಬ, ಇನ್ನೊಂದು ಪಟ್ಟಾಭಿಷೇಕದ ದಿನ. ಕಿರಣ ಬರುವುದು ನಿಜ. ಆದರೆ ಸೂರ್ಯ ದಕ್ಷಿಣಕ್ಕೆ ಸರಿಯುವಾಗ ಒಮ್ಮೆ ಒಂದು ಬಿಂದುವನ್ನು ದಾಟಿದರೆ, ಉತ್ತರಕ್ಕೆ ಮರಳುವಾಗ ಇನ್ನೊಮ್ಮೆ ದಾಟಲೇಬೇಕು. ಎರಡನೆಯ ತಾರೀಕು ಮೊದಲನೆಯದರ ಬೆನ್ನಿಗೇ ಬರುತ್ತದೆ, ರಾಜ ಅದನ್ನು ಬೇರೆಯಾಗಿ ಆರಿಸಲಾಗದು. ಹುಟ್ಟುಹಬ್ಬ, ಪಟ್ಟಾಭಿಷೇಕಗಳ ಮಾತು ಅಲ್ಲಿನ ಯಾವ ಶಾಸನದಲ್ಲೂ ಇಲ್ಲ. ನಿಜವಾದ ಸೋಜಿಗ ಅಂದರೆ, ಅಸ್ವಾನ್ ಅಣೆಕಟ್ಟಿನ ನೀರಿನಿಂದ ಉಳಿಸಲು 1964ರಿಂದ 1968ರವರೆಗೆ ಇಡೀ ಬೆಟ್ಟದ ಗುಡಿಯನ್ನೇ ತುಂಡು ತುಂಡು ಕೊಯ್ದು ಸುಮಾರು 65 ಮೀಟರ್ ಮೇಲಕ್ಕೆ ತಂದು ಕೂರಿಸಿದರು. ಕಿರಣದ ಕೋನವನ್ನೂ ಕೆಡಿಸದೆ.

ಕೊನೆಯ ದಿನ ಮತ್ತೆ ಕೈರೋ, ನಾಗರಿಕತೆಯ ವಸ್ತುಸಂಗ್ರಹಾಲಯ. 2021ರ ಏಪ್ರಿಲ್‌ನಿಂದ ರಾಜರ ಮಮ್ಮಿಗಳು ಇಲ್ಲಿವೆ. ಮಂದ ಬೆಳಕು, ಪಿಸುಮಾತು. ಎರಡನೆಯ ರಾಮ್ಸೆಸ್‌ನ ಮುಂದೆ ಭಾವ ಫೋನ್ ತೆಗೆದು, ಅವನ ಹೆಸರಿನ ‘ಪಾಸ್‌ಪೋರ್ಟ್’ ಚಿತ್ರ ತೋರಿಸಿದರು. 1976ರಲ್ಲಿ ಬೂಷ್ಟು ಹಿಡಿದ ಈ ದೇಹವನ್ನು ಚಿಕಿತ್ಸೆಗೆ ಪ್ಯಾರಿಸ್ಸಿಗೆ ಒಯ್ದದ್ದು, ಅಲ್ಲಿ ಸೇನಾ ಗೌರವ ಕೊಟ್ಟದ್ದು ನಿಜ. ಆ ಚಿತ್ರ ಮಾತ್ರ ಈಚೆಗೆ ಕಂಪ್ಯೂಟರಿನಲ್ಲಿ ಯಾರೋ ರಚಿಸಿದ್ದು. ಭಾವನ ಮುಖ ಬಾಡಿತು.

ಪಾಪ ಅನಿಸಿ, ಅದೇ ಪ್ಯಾರಿಸ್ ಪರೀಕ್ಷೆಯ ಇನ್ನೊಂದು ಸಂಗತಿ ಹೇಳಿದೆ. ರಾಜನ ಮೂಗಿನ ಹೊಳ್ಳೆಯೊಳಗೆ ಕಾಳುಮೆಣಸು ಇತ್ತು. ಮೂಗು ಚಪ್ಪಟೆಯಾಗದಿರಲೆಂದು ತುಂಬಿದ್ದು, ಕ್ರಿ.ಪೂ. 1213ರ ಸುಮಾರಿಗೆ. ಮೆಣಸಿನ ಬಳ್ಳಿಯ ತವರು ಪಶ್ಚಿಮ ಘಟ್ಟ. ಆಮೇಲಿನ ರೋಮನ್ ಕಾಲದ ಬೆರೆನಿಕೆ ಬಂದರಿನಲ್ಲಂತೂ ಸೆರಾಪಿಸ್ ಗುಡಿಯ ಅಂಗಳದಲ್ಲಿ, ಭಾರತದಲ್ಲಿ ಮಾಡಿದ ಹರವಿಯಲ್ಲೇ, ಸುಮಾರು 7.5 ಕಿಲೋ ಕಾಳುಮೆಣಸು ಸಿಕ್ಕಿದೆ. ಹಾಗಂತ ರಾಮ್ಸೆಸ್‌ನ ಮೂಗಿನ ಕಾಳು ಘಟ್ಟದ ಯಾವ ಕಡೆಯದು ಎಂದು ಯಾರೂ ಹೇಳುವಂತಿಲ್ಲ, ಎಂದು ಒತ್ತಿ ಹೇಳಿದೆ.

ಭಾವ ಗಾಜಿನ ಪೆಟ್ಟಿಗೆಯ ಹತ್ತಿರ ಬಗ್ಗಿ, ಮೆಣಸಿನ ವ್ಯಾಪಾರಿಯ ಕಣ್ಣಿನಿಂದ ಆ ಕೊಕ್ಕಿನಂಥ ಮೂಗನ್ನು ನೋಡಿದರು. ಹೊರಗೆ ಬಂದದ್ದೇ ಅಕ್ಕನಿಗೆ ವಿಡಿಯೋ ಕಾಲ್ ಹಚ್ಚಿದರು.

“ಕೇಳ್ತಾ? ರಾಮ್ಸೆಸ್ ಮಹಾರಾಜನಿಗೆ ಮೆಣಸು ಹೋಗಿದ್ದು ನಮ್ಮ ಶಿರಸಿಯಿಂದಂತೆ!”